ಕ್ಯಾಂಪರ್ ವ್ಯಾನ್‌ನಲ್ಲಿ ದೂರ ಪ್ರಯಾಣವೇ? ಟೂಲ್ ಬಾಕ್ಸ್‌ನಲ್ಲಿ ಏನೆಲ್ಲ ಇರಬೇಕು, ಇಲ್ಲಿದೆ ಪೂರ್ಣ ಮಾಹಿತಿ

ಹೋಟೆಲ್ ಹುಡುಕುವ ತಾಪತ್ರಯವಿಲ್ಲ, ಹಸಿವಾದಲ್ಲಿ ಅಡುಗೆ, ನಿದ್ದೆ ಬಂದಲ್ಲಿ ಹಾಸಿಗೆ. ಕ್ಯಾಂಪರ್ ವ್ಯಾನ್ ಅಥವಾ ಕ್ಯಾರವಾನ್ ಪ್ರವಾಸದ ಸೆಳೆತವೇ ಇದು. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ಯೋಜನೆ ತಂದಿತು. ಮಹಾರಾಷ್ಟ್ರವೂ ಅದೇ ವರ್ಷ ಇದಕ್ಕೊಂದು ನೀತಿ ರೂಪಿಸಿತು. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಇಂಥ ವ್ಯಾನ್ ಬಾಡಿಗೆಗೆ ಹಿಡಿದು ಹಂಪಿ, ಗೋಕರ್ಣ, ಕೊಡಗಿನ ಕಡೆ ಹೊರಡುವ ಕುಟುಂಬಗಳಿವೆ. ಟೆಂಪೊ ಟ್ರಾವೆಲರ್ ಕೊಂಡು ಅದನ್ನೇ ಮನೆಯಾಗಿ ಮಾಡಿಸಿಕೊಂಡವರೂ ಇದ್ದಾರೆ.

ಆದರೆ ದಾರಿಯಲ್ಲಿ ಕೆಟ್ಟು ನಿಂತರೆ? ರಾತ್ರಿ ಘಾಟಿ ರಸ್ತೆಯಲ್ಲಿ, ಮಕ್ಕಳು ಮತ್ತು ವಯಸ್ಸಾದವರು ಒಳಗಿರುವಾಗ ದೀಪ ಆರಿಹೋದರೆ, ಗ್ಯಾಸ್ ವಾಸನೆ ಬಂದರೆ ಏನು ಮಾಡಬೇಕು? ಯಾವ ಉಪಕರಣ ಜೊತೆಗಿರಬೇಕು, ಯಾವುದು ಬರೀ ಭಾರ, ಯಾವ ಕೆಲಸಕ್ಕೆ ನೀವು ಕೈ ಹಾಕಲೇಬಾರದು ಎಂಬ ವಿವರ ಇಲ್ಲಿದೆ.

ಒಂದೇ ಗಾಡಿ, ಆದರೆ ಎರಡು ಭಾಗ

ಕ್ಯಾಂಪರ್ ವ್ಯಾನ್ ಎಂದರೆ ಒಂದು ವಾಹನ ಮತ್ತು ಒಂದು ಪುಟ್ಟ ಮನೆ. ಎಂಜಿನ್, ಬ್ರೇಕ್, ಟೈರ್ ವಾಹನದ ಭಾಗ. ನೀರಿನ ಟ್ಯಾಂಕ್, ಪಂಪ್, ಒಲೆ, ಫ್ರಿಜ್, ಪ್ರತ್ಯೇಕ ಬ್ಯಾಟರಿ, ಇನ್ವರ್ಟರ್, ಸೋಲಾರ್ ಫಲಕ ಮನೆಯ ಭಾಗ.

ವಾಹನದ ಭಾಗ ಕೆಟ್ಟರೆ ಅಷ್ಟು ಚಿಂತೆ ಬೇಡ. ಹೆದ್ದಾರಿಯಲ್ಲಿ ಸ್ವಲ್ಪ ದೂರಕ್ಕೊಂದು ಪಂಕ್ಚರ್ ಅಂಗಡಿ ಸಿಗುತ್ತದೆ. ತಾಲೂಕು ಕೇಂದ್ರದಲ್ಲಿ ಟೆಂಪೊ ಟ್ರಾವೆಲರ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಇರುತ್ತಾನೆ. ಕಷ್ಟ ಇರುವುದು ಮನೆಯ ಭಾಗದಲ್ಲಿ. ನಮ್ಮಲ್ಲಿನ ಬಹುತೇಕ ಕ್ಯಾಂಪರ್ ವ್ಯಾನ್‌ಗಳು ಒಂದೊಂದಾಗಿ ವರ್ಕ್‌ಶಾಪ್‌ಗಳಲ್ಲಿ ತಯಾರಾದವು. ಒಂದರ ವೈರಿಂಗ್ ಇನ್ನೊಂದರಂತೆ ಇರುವುದಿಲ್ಲ. ಆಟೊ ಎಲೆಕ್ಟ್ರಿಷಿಯನ್‌ಗೆ ಇನ್ವರ್ಟರ್ ಗೊತ್ತಿಲ್ಲ, ಮನೆ ಎಲೆಕ್ಟ್ರಿಷಿಯನ್‌ಗೆ 12 ವೋಲ್ಟ್ ಗೊತ್ತಿಲ್ಲ. ಹಾಗಾಗಿ ಈ ಭಾಗಕ್ಕೆ ದಾರಿಯಲ್ಲಿ ನೀವೇ ಮೆಕ್ಯಾನಿಕ್.

ಟೂಲ್ ಬಾಕ್ಸ್ ತುಂಬುವಾಗ ಈ ಮಾತು ನೆನಪಿರಲಿ. ಅಂಗಡಿಯಲ್ಲಿ ಸಿಗುವ ನೂರು ಸಾಮಾನಿನ ರೆಡಿಮೇಡ್ ಕಿಟ್‌ನಲ್ಲಿ ಅರ್ಧಕ್ಕರ್ಧ ನಿಮಗೆ ಬೇಕಾಗುವುದೇ ಇಲ್ಲ. ಬೇಕಾದ ಮಲ್ಟಿಮೀಟರ್, ಹೋಸ್ ಕ್ಲಿಪ್ ಅದರಲ್ಲಿ ಇರುವುದಿಲ್ಲ.

ಮೊದಲು ಸುರಕ್ಷತೆಯ ಸಾಮಾನು

ರಿಪೇರಿಗಿಂತ ಮುಂಚೆ ಜೀವ. ಕೆಟ್ಟು ನಿಂತ ವಾಹನಕ್ಕೆ ಹಿಂದಿನಿಂದ ಬಂದು ಗುದ್ದುವ ಅಪಘಾತಗಳು ನಮ್ಮ ಹೆದ್ದಾರಿಗಳಲ್ಲಿ ಹೊಸತಲ್ಲ. ಆದ್ದರಿಂದ ಇವು ಟೂಲ್ ಬಾಕ್ಸ್‌ನ ತಳದಲ್ಲಿ ಅಲ್ಲ, ಬಾಗಿಲು ತೆರೆದ ಕೂಡಲೇ ಕೈಗೆ ಸಿಗುವಂತಿರಲಿ:

- ಹೊಳೆಯುವ ಎಚ್ಚರಿಕೆ ತ್ರಿಕೋನ, ಸಾಧ್ಯವಾದರೆ ಎರಡು
- ಬೆಳಕಿಗೆ ಮಿನುಗುವ ಪಟ್ಟಿ ಇರುವ ಜಾಕೆಟ್
- ತಲೆಗೆ ಕಟ್ಟಿಕೊಳ್ಳುವ ಟಾರ್ಚ್ (ಎರಡೂ ಕೈ ಕೆಲಸಕ್ಕೆ ಸಿಗುತ್ತವೆ)
- ಎಬಿಸಿ ಮಾದರಿಯ ಒಣ ಪುಡಿಯ ಅಗ್ನಿಶಾಮಕ, ಕನಿಷ್ಠ 2 ಕೆ.ಜಿ.
- ಪ್ರಥಮ ಚಿಕಿತ್ಸೆಯ ಪೆಟ್ಟಿಗೆ
- ದಪ್ಪ ಕೈಗವಸು

ವ್ಯಾನ್ ನಿಂತ ತಕ್ಷಣ ನಾಲ್ಕೂ ಇಂಡಿಕೇಟರ್ ಹಾಕಿ. ತ್ರಿಕೋನವನ್ನು ವ್ಯಾನ್ ಪಕ್ಕದಲ್ಲೇ ಇಟ್ಟರೆ ಉಪಯೋಗವಿಲ್ಲ. ಕನಿಷ್ಠ 50 ಮೀಟರ್ ಹಿಂದೆ ಇಡಿ, ತಿರುವಿದ್ದರೆ ತಿರುವಿಗೂ ಮೊದಲೇ ಕಾಣುವಂತಿರಲಿ. ಒಳಗಿರುವವರನ್ನು ರಸ್ತೆಯ ಆಚೆ, ತಡೆಗೋಡೆಯ ಹಿಂದೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033, ಯಾವುದೇ ತುರ್ತಿಗೆ 112 ಸಂಖ್ಯೆಗೆ ಕರೆ ಮಾಡಬಹುದು.

ಅಗ್ನಿಶಾಮಕ ಒಲೆಯ ಮೇಲಿನ ಕಪಾಟಿನಲ್ಲಿ ಬೇಡ. ಬೆಂಕಿ ಹತ್ತಿದಾಗ ಆ ಕಪಾಟಿಗೆ ಕೈ ಹೋಗುವುದಿಲ್ಲ. ಬಾಗಿಲ ಬಳಿ ಇಡಿ. ಅದರ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ಪ್ರತಿ ಪ್ರವಾಸಕ್ಕೂ ಮುನ್ನ ನೋಡಿ.

ಜಾಕಿ, ಟೈರ್: ಕಾರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಹಾಸಿಗೆ, ಕಪಾಟು, ಬ್ಯಾಟರಿ, ತುಂಬಿದ ನೀರಿನ ಟ್ಯಾಂಕ್ ಸೇರಿದರೆ ವ್ಯಾನ್ ತೂಕ ಬಹಳ ಹೆಚ್ಚುತ್ತದೆ. 100 ಲೀಟರ್ ನೀರೊಂದೇ 100 ಕೆ.ಜಿ. ಆದ್ದರಿಂದ ಕಾರಿನ ಜಾಕಿ ಇಲ್ಲಿ ಅಪಾಯಕಾರಿ. ವ್ಯಾನ್‌ನ ಪೂರ್ಣ ತೂಕಕ್ಕಿಂತ ಹೆಚ್ಚು ಸಾಮರ್ಥ್ಯದ ಹೈಡ್ರಾಲಿಕ್ ಬಾಟಲ್ ಜಾಕಿ ಇಟ್ಟುಕೊಳ್ಳಿ. ಜೊತೆಗೆ ಒಂದೂವರೆ ಅಡಿಯ ದಪ್ಪ ಮರದ ಹಲಗೆ ಇರಲಿ. ಮಣ್ಣಿನ ಮೇಲೆ ಜಾಕಿ ಹೂತುಹೋಗದಂತೆ ಅದು ತಡೆಯುತ್ತದೆ. ಚಕ್ರಕ್ಕೆ ಅಡ್ಡ ಇಡಲು ಎರಡು ಮರದ ತುಂಡುಗಳೂ ಬೇಕು. ರಾತ್ರಿ ಕತ್ತಲಲ್ಲಿ ಕಲ್ಲು ಹುಡುಕುತ್ತ ಕೂರುವಂತಾಗಬಾರದು.

ಚಕ್ರ ಬದಲಿಸುವ ಕ್ರಮ ಹೀಗಿರಲಿ: ಸಮತಟ್ಟಾದ ಜಾಗ, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಅಡ್ಡ ತುಂಡು. ಚಕ್ರ ನೆಲದಲ್ಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಹೊಸ ಚಕ್ರ ಹಾಕಿದ ಮೇಲೆ ನಟ್‌ಗಳನ್ನು ಎದುರು ಬದುರಾಗಿ ಬಿಗಿಯಿರಿ. ಸುಮಾರು 50 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಬರೀ ಜಾಕಿಯ ಆಧಾರದಲ್ಲಿ ನಿಂತ ವ್ಯಾನ್ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ.

ವೀಲ್ ಸ್ಪ್ಯಾನರ್ ಉದ್ದ ಹಿಡಿಯದ್ದಾಗಿರಲಿ. ಗ್ಯಾರೇಜ್‌ನಲ್ಲಿ ಗಾಳಿಯ ಗನ್‌ನಿಂದ ಬಿಗಿದ ನಟ್ ಗಿಡ್ಡ ಸ್ಪ್ಯಾನರ್‌ಗೆ ಜಗ್ಗುವುದಿಲ್ಲ.

ಗಾಳಿ ತುಂಬುವ 12 ವೋಲ್ಟ್ ಪಂಪ್ ಕೊಳ್ಳುವಾಗಲೂ ಹುಷಾರಾಗಿರಿ. ಸಾಮಾನ್ಯ ಕಾರಿನ ಟೈರಿಗೆ 30ರಿಂದ 35 ಪಿಎಸ್‌ಐ ಸಾಕು. ದೊಡ್ಡ ವ್ಯಾನ್‌ಗಳಿಗೆ ಅದಕ್ಕಿಂತ ಬಹಳ ಹೆಚ್ಚು ಬೇಕಾಗಬಹುದು. ಚಿಕ್ಕ ಪಂಪ್‌ಗಳು ಅಲ್ಲಿಗೆ ಮುಟ್ಟುವ ಮೊದಲೇ ಕಾದು ನಿಲ್ಲುತ್ತವೆ. ನಿಮ್ಮ ವಾಹನಕ್ಕೆ ಎಷ್ಟು ಬೇಕೆಂದು ಬಾಗಿಲ ಬಳಿಯ ಪಟ್ಟಿಯಲ್ಲಿ ಅಥವಾ ವಾಹನದ ಕೈಪಿಡಿಯಲ್ಲಿ ಇರುತ್ತದೆ.

ಟೈರ್ ಸವೆದಿಲ್ಲ ಎಂದ ಮಾತ್ರಕ್ಕೆ ಹೊಸತು ಎಂದುಕೊಳ್ಳಬೇಡಿ. ಕ್ಯಾಂಪರ್ ವ್ಯಾನ್‌ಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ನಿಂತಲ್ಲೇ ರಬ್ಬರ್ ಹಳತಾಗಿ ಬಿರುಕು ಬಿಡುತ್ತದೆ. ಟೈರ್ ಬದಿಯ ನಾಲ್ಕು ಅಂಕಿಯ ಗುರುತು ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಸ್ಟೆಪ್ನಿಯ ಅಂಕಿಯನ್ನೂ ನೋಡಿ. ಕೆಲವು ವ್ಯಾನ್‌ಗಳಲ್ಲಿ ಸ್ಟೆಪ್ನಿಯ ಜಾಗಕ್ಕೆ ನೀರಿನ ಟ್ಯಾಂಕ್ ಕೂರಿಸಿರುತ್ತಾರೆ. ಬಾಡಿಗೆಗೆ ಪಡೆಯುವಾಗ ಸ್ಟೆಪ್ನಿ ಎಲ್ಲಿದೆ ಎಂದು ತೋರಿಸಲು ಹೇಳಿ.

ಎಂಜಿನ್ ಭಾಗಕ್ಕೆ ಇಷ್ಟು ಸಾಕು

ಎಂಜಿನ್ ಬಿಚ್ಚುವ ಸಾಹಸ ನಿಮಗೆ ಬೇಡ. ಹತ್ತಿರದ ಗ್ಯಾರೇಜ್ ತಲುಪುವಷ್ಟು ವ್ಯವಸ್ಥೆ ಸಾಕು. 8ರಿಂದ 19 ಎಂಎಂವರೆಗಿನ ಸ್ಪ್ಯಾನರ್ ಸೆಟ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಅಲೆನ್ ಕೀ, ಚಿಕ್ಕ ಸುತ್ತಿಗೆ, ದಪ್ಪ ಜಂಪರ್ ಕೇಬಲ್, ಎಳೆಯುವ ಹಗ್ಗ, 5 ಲೀಟರ್ ನೀರು, ಒಂದು ಲೀಟರ್ ಕೂಲಂಟ್, ಎಂಜಿನ್ ಆಯಿಲ್ ಇರಲಿ. ವಾಹನ ಹಳೆಯದಾಗಿದ್ದರೆ ಅದೇ ಮಾದರಿಯ ಒಂದು ಫ್ಯಾನ್ ಬೆಲ್ಟ್ ಜೊತೆಗಿರಲಿ. ನಿಮ್ಮ ಮಾದರಿಯ ಬೆಲ್ಟ್ ಸಣ್ಣ ಊರಿನ ಅಂಗಡಿಯಲ್ಲಿ ಸಿಗದಿರಬಹುದು. ಬೆಲ್ಟ್ ಕೈಲಿದ್ದರೆ ಹಾಕಿಕೊಡುವವರು ಸಿಗುತ್ತಾರೆ.

ಘಾಟಿ ಏರುವಾಗ ಬಿಸಿಯ ಮುಳ್ಳು ಮೇಲೆ ಹೋದರೆ ಎಸಿ ಆರಿಸಿ, ಬದಿಗೆ ನಿಲ್ಲಿಸಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಶಿರಾಡಿ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಏರಿದ ಗೇರ್‌ನಲ್ಲೇ ಇಳಿಯಿರಿ. ಭಾರದ ವ್ಯಾನ್‌ನಲ್ಲಿ ಇಡೀ ದಾರಿ ಬ್ರೇಕ್ ತುಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇದನ್ನು ಸರಿಪಡಿಸುವ ಉಪಕರಣ ಯಾವ ಪೆಟ್ಟಿಗೆಯಲ್ಲೂ ಇಲ್ಲ.

ಬಿಎಸ್-6 ಡೀಸೆಲ್ ವಾಹನಗಳಲ್ಲಿ ಹಲವಕ್ಕೆ ಡಿಇಎಫ್ ಎಂಬ ಯೂರಿಯಾ ದ್ರವ ಬೇಕು. ಅದು ಮುಗಿದರೆ ಎಂಜಿನ್ ಶಕ್ತಿ ಕುಗ್ಗುತ್ತದೆ, ಕೆಲವು ವಾಹನ ಮತ್ತೆ ಸ್ಟಾರ್ಟ್ ಆಗುವುದೇ ಇಲ್ಲ. ನಿಮ್ಮದು ಅಂಥದ್ದಾದರೆ ಒಂದು ಕ್ಯಾನ್ ಇಟ್ಟುಕೊಳ್ಳಿ. ಅದನ್ನು ಅಪ್ಪಿತಪ್ಪಿಯೂ ಡೀಸೆಲ್ ಟ್ಯಾಂಕ್‌ಗೆ ಸುರಿಯಬೇಡಿ.

ಮಲ್ಟಿಮೀಟರ್: ಇದೊಂದು ಇದ್ದರೆ ಅರ್ಧ ಸಮಸ್ಯೆ ಮುಗಿದಂತೆ

ಇಡೀ ಪೆಟ್ಟಿಗೆಯಲ್ಲಿ ಒಂದೇ ಒಂದು ಉಪಕರಣ ಆರಿಸಿ ಎಂದರೆ ಮಲ್ಟಿಮೀಟರ್ ಆರಿಸಿ. ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೂ ಸಿಗುತ್ತದೆ. ದೀಪ, ಫ್ಯಾನ್, ನೀರಿನ ಪಂಪ್, ಫ್ರಿಜ್ ಎಲ್ಲವೂ 12 ವೋಲ್ಟ್ ಬ್ಯಾಟರಿಯ ಮೇಲೇ ನಡೆಯುವುದರಿಂದ ಯಾವುದು ಕೆಟ್ಟರೂ ಮೊದಲ ಪ್ರಶ್ನೆ ಒಂದೇ: ಅಲ್ಲಿಗೆ ಕರೆಂಟ್ ಬರುತ್ತಿದೆಯೇ?

ಡಿಸಿ 20 ವೋಲ್ಟ್ ಗುರುತಿಗೆ ತಿರುಗಿಸಿ, ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ ತಾಗಿಸಿ. ಲೆಡ್ ಆ್ಯಸಿಡ್ ಬ್ಯಾಟರಿ ಸ್ವಲ್ಪ ಹೊತ್ತು ಕೆಲಸವಿಲ್ಲದೆ ಇದ್ದ ಮೇಲೆ:

- 12.6 ವೋಲ್ಟ್ ಅಥವಾ ಹೆಚ್ಚು: ಪೂರ್ತಿ ಚಾರ್ಜ್ ಇದೆ
- ಸುಮಾರು 12.2: ಅರ್ಧ ಖಾಲಿ
- 12ಕ್ಕಿಂತ ಕಡಿಮೆ: ಬಳಕೆ ನಿಲ್ಲಿಸಿ, ಚಾರ್ಜ್ ಮಾಡಿ
- ಎಂಜಿನ್ ಓಡುವಾಗ 13.8ರಿಂದ 14.5: ಚಾರ್ಜ್ ಆಗುತ್ತಿದೆ

ಎಂಜಿನ್ ಓಡುತ್ತಿದ್ದರೂ ಸಂಖ್ಯೆ 12.5ರ ಆಸುಪಾಸಿನಲ್ಲೇ ನಿಂತಿದ್ದರೆ ಚಾರ್ಜ್ ಆಗುತ್ತಿಲ್ಲ. ತಪ್ಪು ಬ್ಯಾಟರಿಯದ್ದಲ್ಲ. ಇದು ತಿಳಿಯದೆ ದಾರಿಯಲ್ಲಿ ಹೊಸ ಬ್ಯಾಟರಿ ಕೊಂಡರೆ ಸಾವಿರಾರು ರೂಪಾಯಿ ದಂಡ, ಮರುದಿನ ಅದೂ ಖಾಲಿ. ಇತ್ತೀಚಿನ ವ್ಯಾನ್‌ಗಳಲ್ಲಿರುವ ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ಹೊಂದುವುದಿಲ್ಲ. ಅದು ಬಹುಪಾಲು ಖಾಲಿಯಾಗುವವರೆಗೂ 13 ವೋಲ್ಟ್ ಆಸುಪಾಸಿನಲ್ಲೇ ಇದ್ದು ಕೊನೆಯಲ್ಲಿ ಥಟ್ಟನೆ ಇಳಿಯುತ್ತದೆ. ಅದಕ್ಕೆ ಬ್ಯಾಟರಿಯ ಜೊತೆ ಬರುವ ಮಾನಿಟರ್ ಅಥವಾ ಆ್ಯಪ್ ನೋಡಬೇಕು.

ಬ್ಯಾಟರಿ ಸರಿಯಿದ್ದೂ ದೀಪ ಉರಿಯದಿದ್ದರೆ ಫ್ಯೂಸ್ ನೋಡಿ. ಬ್ಲೇಡ್ ಫ್ಯೂಸ್‌ಗಳ ಬಣ್ಣವೇ ಅವುಗಳ ಸಾಮರ್ಥ್ಯ ಹೇಳುತ್ತದೆ. ಕೆಂಪು 10 ಆ್ಯಂಪ್, ನೀಲಿ 15, ಹಳದಿ 20, ಹಸಿರು 30. ಪ್ರತಿ ಬಣ್ಣದ ನಾಲ್ಕೈದು ಇಟ್ಟುಕೊಳ್ಳಿ. ಸುಟ್ಟ ಫ್ಯೂಸ್ ಜಾಗಕ್ಕೆ ಅದೇ ಬಣ್ಣದ್ದನ್ನೇ ಹಾಕಿ. ಹೊಸದೂ ತಕ್ಷಣ ಸುಟ್ಟರೆ ಎಲ್ಲೋ ವೈರ್ ತಾಗುತ್ತಿದೆ ಎಂದರ್ಥ. ಆಗ ದೊಡ್ಡ ಫ್ಯೂಸ್ ಹಾಕುವುದು, ತಾಮ್ರದ ತಂತಿ ಸುತ್ತುವುದು ಮಾಡಿದರೆ ಮುಂದೆ ಸುಡುವುದು ಗೋಡೆಯೊಳಗಿನ ವೈರ್. ಮರದ ಹಲಗೆ, ಸ್ಪಂಜಿನ ಹಾಸಿಗೆ ತುಂಬಿದ ವ್ಯಾನ್‌ನಲ್ಲಿ ಅದು ಬೆಂಕಿಗೆ ಆಹ್ವಾನ.

ಸಡಿಲ ಟರ್ಮಿನಲ್ ಕೂಡ ಅಷ್ಟೇ ಅಪಾಯ. 1,500 ವ್ಯಾಟ್‌ನ ಇನ್ವರ್ಟರ್ ಪೂರ್ಣ ಭಾರದಲ್ಲಿ 12 ವೋಲ್ಟ್ ಬ್ಯಾಟರಿಯಿಂದ 125 ಆ್ಯಂಪ್‌ಗೂ ಹೆಚ್ಚು ಎಳೆಯುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಅಲುಗಿ ಅಲುಗಿ ನಟ್ ಸಡಿಲಾದರೆ ಆ ಜಾಗ ಕಾದು ಕರಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಎಲ್ಲ ಸ್ವಿಚ್ ಆರಿಸಿ ಟರ್ಮಿನಲ್ ಬಿಗಿ ನೋಡಿ. ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ.

ಇವುಗಳ ಜೊತೆ ಇನ್ಸುಲೇಷನ್ ಟೇಪ್, ಒಂದಿಷ್ಟು ವೈರ್, ವೈರ್ ಜೋಡಿಸುವ ಲಗ್‌ಗಳು, ಅವನ್ನು ಒತ್ತುವ ಕ್ರಿಂಪಿಂಗ್ ಇಕ್ಕಳ ಇರಲಿ.

ನೀರಿನ ಪಂಪ್ ಶಬ್ದವೇ ಸುಳಿವು

ನಲ್ಲಿ ತೆರೆದಾಗ ಗುರ್ ಎನ್ನುವ ಪಂಪ್, ನಲ್ಲಿ ಮುಚ್ಚಿದ ಕೂಡಲೇ ನಿಲ್ಲಬೇಕು. ನಲ್ಲಿ ಮುಚ್ಚಿದ್ದರೂ ಆಗಾಗ ಒಂದು ಕ್ಷಣ ಓಡಿ ನಿಲ್ಲುತ್ತಿದ್ದರೆ ಎಲ್ಲೋ ಸಣ್ಣ ಸೋರಿಕೆ ಇದೆ. ನಿಲ್ಲದೇ ಓಡುತ್ತಿದ್ದರೂ ನೀರು ಬಾರದಿದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಪಂಪ್ ಬಾಯಿಯ ಜಾಲರಿಯಲ್ಲಿ ಕಸ ಸಿಕ್ಕಿದೆ. ಓಡುವುದೇ ಇಲ್ಲ ಎಂದರೆ ಮತ್ತೆ ಮಲ್ಟಿಮೀಟರ್ ಮತ್ತು ಫ್ಯೂಸ್.

ಜಾಲರಿ ಬಿಚ್ಚಿ ತೊಳೆಯಲು ಉಪಕರಣವೂ ಬೇಕಿಲ್ಲ. ಹೆಚ್ಚಿನ ಸೋರಿಕೆ ಇರುವುದು ಪೈಪ್ ಸೇರುವ ಕಡೆ. ಅದಕ್ಕೆ ನಿಮ್ಮ ಪೈಪ್ ಅಳತೆಯ ಐದಾರು ಹೋಸ್ ಕ್ಲಿಪ್, ಒಂದು ಮೀಟರ್ ಹೆಚ್ಚುವರಿ ಪೈಪ್, ಟೆಫ್ಲಾನ್ ಟೇಪ್ ಸಾಕು. ಟ್ಯಾಂಕ್ ಬಿರುಕು ಬಿಟ್ಟರೆ ಎಂ-ಸೀಲ್ ತಾತ್ಕಾಲಿಕವಾಗಿ ಹಿಡಿಯುತ್ತದೆ, ಆದರೆ ಮೇಲ್ಮೈ ಪೂರ್ತಿ ಒಣಗಿರಬೇಕು. ಪ್ರತಿದಿನ ವ್ಯಾನ್ ಹೊರಡುವ ಮುನ್ನ ಪಂಪ್ ಸ್ವಿಚ್ ಆರಿಸಿ. ದಾರಿಯಲ್ಲಿ ಪೈಪ್ ಕಳಚಿದರೂ ಇಡೀ ಟ್ಯಾಂಕ್ ನೀರು ಹಾಸಿಗೆಗೆ ಸೇರುವುದು ತಪ್ಪುತ್ತದೆ.

ಗ್ಯಾಸ್: ಸೋಪಿನ ನೀರಿನ ಬಾಟಲಿ ಮರೆಯಬೇಡಿ

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ಆದ್ದರಿಂದ ಗ್ಯಾಸ್ ಅಲಾರಂ ನೆಲದ ಹತ್ತಿರ ಇರಬೇಕು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಪಟ್ಟಿಯಿಂದ ಬಿಗಿದಿರಬೇಕು, ವ್ಯಾನ್ ಓಡುವಾಗ ರೆಗ್ಯುಲೇಟರ್ ಆಫ್ ಆಗಿರಬೇಕು.

ಸೋರಿಕೆ ನೋಡಲು ಒಂದು ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ಸಾಕು. ರೆಗ್ಯುಲೇಟರ್ ಆನ್ ಮಾಡಿ, ಪೈಪ್ ಸೇರುವ ಕಡೆಗಳಿಗೆ ಸಿಂಪಡಿಸಿ. ಗುಳ್ಳೆ ಎದ್ದರೆ ಅಲ್ಲಿ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ನೋಡುವ ಹಳೆಯ ಅಭ್ಯಾಸ ಬೇಡವೇ ಬೇಡ. ಐಎಸ್‌ಐ ಗುರುತಿನ ರಬ್ಬರ್ ಪೈಪ್‌ನ ಅವಧಿ ಮುಗಿದಿದ್ದರೆ ಊರಲ್ಲೇ ಬದಲಿಸಿ.

ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ. ದೂರ ನಿಂತು ಎಲ್‌ಪಿಜಿ ಸೋರಿಕೆಯ ಸಹಾಯವಾಣಿ 1906ಕ್ಕೆ ಕರೆ ಮಾಡಿ.

ಮಡಿಕೇರಿ, ಊಟಿಯ ಚಳಿಗೆ ಒಲೆ ಹಚ್ಚಿ, ಕಿಟಕಿ ಮುಚ್ಚಿ ಮಲಗುವುದು ಪ್ರಾಣಕ್ಕೇ ಕುತ್ತು. ಆಗ ಉಂಟಾಗುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲಿ ಗೊತ್ತೂ ಆಗುವುದಿಲ್ಲ. ಇದಕ್ಕೆ ಪ್ರತ್ಯೇಕ ಅಲಾರಂ ಬೇಕು. ಅದು ಮಲಗುವ ಜಾಗದ ಬಳಿ ಇರಲಿ.

ಮಳೆಗಾಲಕ್ಕೆ ಹೆಚ್ಚುವರಿ ಸಾಮಾನು

ಚಾವಣಿಯಲ್ಲಿ ಸೋಲಾರ್ ಫಲಕ, ಫ್ಯಾನ್ ಕೂರಿಸಲು ಕೊರೆದ ಪ್ರತಿ ತೂತೂ ಮುಂದೊಂದು ದಿನ ಸೋರುವ ಜಾಗ. ಸಿಲಿಕೋನ್ ಸೀಲಂಟ್ ಟ್ಯೂಬ್ ಇರಲಿ, ಆದರೆ ಅದು ಒದ್ದೆ ತಗಡಿಗೆ ಅಂಟುವುದಿಲ್ಲ. ಮಲೆನಾಡಿನ ಜಡಿಮಳೆಯಲ್ಲಿ ಒಣಗಿದ ಚಾವಣಿ ಎಲ್ಲಿಂದ ಬರಬೇಕು? ಅಂಥ ವೇಳೆ ಒಂದು ಟಾರ್ಪಾಲಿನ್ ಮತ್ತು ನೈಲಾನ್ ಹಗ್ಗವೇ ಗತಿ. ಜೊತೆಗೆ ಡಕ್ಟ್ ಟೇಪ್, ಕೇಬಲ್ ಟೈ. ಕಳಚಿದ ಬಂಪರ್‌ನಿಂದ ಹಿಡಿದು ಮುಚ್ಚದ ಕಪಾಟಿನವರೆಗೆ ಇವೆರಡರ ಉಪಯೋಗ ಒಂದೆರಡಲ್ಲ.

ಈ ಕೆಲಸಗಳಿಗೆ ಕೈ ಹಾಕಬೇಡಿ

- ಬ್ರೇಕ್ ಮತ್ತು ಸ್ಟೀರಿಂಗ್ ಬಿಚ್ಚುವುದು
- ಗ್ಯಾಸ್ ರೆಗ್ಯುಲೇಟರ್ ಅಥವಾ ಸಿಲಿಂಡರ್ ವಾಲ್ವ್ ರಿಪೇರಿ
- ಇನ್ವರ್ಟರ್ ಒಳಭಾಗ ಮತ್ತು 230 ವೋಲ್ಟ್ ವೈರಿಂಗ್
- ಉಬ್ಬಿದ ಅಥವಾ ಬಿಸಿಯಾದ ಲಿಥಿಯಂ ಬ್ಯಾಟರಿ ಮುಟ್ಟುವುದು

ಇವುಗಳಲ್ಲಿ ನಿಮ್ಮ ಕೆಲಸ ಮುಖ್ಯ ಸ್ವಿಚ್ ಆರಿಸುವುದು, ದೂರ ನಿಲ್ಲುವುದು, ತಿಳಿದವರನ್ನು ಕರೆಸುವುದು ಮಾತ್ರ.

ಎಲ್ಲಕ್ಕಿಂತ ಮುಖ್ಯ: ಒಂದು ಹಾಳೆ ಕಾಗದ

ಕಾರಿಗಾದರೆ ಕಂಪನಿಯ ಕೈಪಿಡಿ ಇರುತ್ತದೆ. ವರ್ಕ್‌ಶಾಪ್‌ನಲ್ಲಿ ಕಟ್ಟಿದ ಕ್ಯಾಂಪರ್ ವ್ಯಾನ್‌ನ ಮನೆ ಭಾಗಕ್ಕೆ ಅಂಥದ್ದು ಇರುವುದು ಅಪರೂಪ. ಯಾವ ಫ್ಯೂಸ್ ಯಾವುದಕ್ಕೆ, ವೈರ್ ಯಾವ ಗೋಡೆಯೊಳಗೆ ಹೋಗಿದೆ, ನೀರಿನ ವಾಲ್ವ್ ಎಲ್ಲಿದೆ ಎಂಬುದು ಕಟ್ಟಿದವರ ತಲೆಯಲ್ಲಷ್ಟೇ ಇರುತ್ತದೆ. ಅವರ ಫೋನ್ ಸ್ವಿಚ್ ಆಫ್ ಆಗಿದ್ದ ರಾತ್ರಿ ನೀವು ಎಷ್ಟು ದುಬಾರಿ ಟೂಲ್ ಬಾಕ್ಸ್ ಇಟ್ಟುಕೊಂಡರೂ ಎಲ್ಲಿ ಬಿಚ್ಚಬೇಕೆಂದೇ ತಿಳಿಯುವುದಿಲ್ಲ.

ವ್ಯಾನ್ ಮಾಡಿಸುತ್ತಿದ್ದರೆ ಗೋಡೆಯ ಹಲಗೆ ಮುಚ್ಚುವ ಮೊದಲು ವೈರಿಂಗ್ ಮತ್ತು ಪೈಪ್‌ಗಳ ಫೋಟೊ ತೆಗೆದಿಟ್ಟುಕೊಳ್ಳಿ. ವೈರಿಂಗ್ ನಕ್ಷೆ ಬರೆಸಿಕೊಂಡೇ ಕೊನೆಯ ಕಂತು ಕೊಡಿ. ಬಾಡಿಗೆ ವ್ಯಾನ್ ಆದರೆ ಫ್ಯೂಸ್ ಪೆಟ್ಟಿಗೆ, ಮುಖ್ಯ ಸ್ವಿಚ್, ಗ್ಯಾಸ್ ವಾಲ್ವ್, ಜಾಕಿ ಇಡುವ ಜಾಗ ತೋರಿಸುವಾಗ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಘಾಟಿಯಲ್ಲಿ ನೆಟ್‌ವರ್ಕ್ ಸಿಗದು, ಹಾಗಾಗಿ ಅದು ಫೋನ್‌ನಲ್ಲೇ ಉಳಿದಿರಲಿ. ಮುಖ್ಯ ವಿವರಗಳನ್ನು ಕಾಗದದಲ್ಲಿ ಬರೆದು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿ.

ಹೊರಡುವ ಮುನ್ನ ಒಂದು ಭಾನುವಾರ ಮೀಸಲಿಡಿ

ಹೊರಡುವ ಹಿಂದಿನ ವಾರ ಮನೆಯ ಪಾರ್ಕಿಂಗ್‌ನಲ್ಲೇ ಒಮ್ಮೆ ಎಲ್ಲವನ್ನೂ ಬಳಸಿ ನೋಡಿ. ಸ್ಟೆಪ್ನಿ ಕೆಳಗಿಳಿಸಿ, ಜಾಕಿ ಎತ್ತಿ, ಒಂದು ನಟ್ ಸಡಿಲಿಸಿ ಬಿಗಿಯಿರಿ. ಬ್ಯಾಟರಿಯ ವೋಲ್ಟ್ ಅಳೆಯಿರಿ. ಒಂದು ಫ್ಯೂಸ್ ತೆಗೆದು ಹಾಕಿ. ಪಂಪ್ ಜಾಲರಿ ತೊಳೆಯಿರಿ. ಗ್ಯಾಸ್ ಜೋಡಣೆಗೆ ಸೋಪಿನ ನೀರು ಸಿಂಪಡಿಸಿ.

ಇದನ್ನು ಡ್ರೈವಿಂಗ್ ಮಾಡುವವರೊಬ್ಬರೇ ಕಲಿತರೆ ಸಾಲದು. ಅವರಿಗೇ ಜ್ವರ ಬರಬಹುದು, ಪೆಟ್ಟಾಗಬಹುದು. ಗ್ಯಾಸ್ ಆರಿಸುವುದು, ಮುಖ್ಯ ಸ್ವಿಚ್ ತೆಗೆಯುವುದು, ಅಗ್ನಿಶಾಮಕದ ಪಿನ್ ಎಳೆದು ಬೆಂಕಿಯ ಬುಡಕ್ಕೆ ಹಿಡಿಯುವುದು ವ್ಯಾನ್‌ನಲ್ಲಿರುವ ಪ್ರತಿಯೊಬ್ಬ ವಯಸ್ಕರಿಗೂ ಗೊತ್ತಿರಲಿ.

ಅಭ್ಯಾಸದ ವೇಳೆ ಯಾವ ಸ್ಪ್ಯಾನರ್ ಅಳತೆ ಹೊಂದಲಿಲ್ಲ, ಯಾವುದು ಕೈಗೆ ಸಿಗಲಿಲ್ಲ ಎಂದು ಬರೆದಿಟ್ಟುಕೊಂಡು ಅಷ್ಟನ್ನೇ ಅಂಗಡಿಯಿಂದ ತನ್ನಿ. ಹಾಗೆ ತುಂಬಿದ ಟೂಲ್ ಬಾಕ್ಸ್ ಚಿಕ್ಕದಾಗಿರುತ್ತದೆ, ಖರ್ಚೂ ಕಡಿಮೆ, ಅದರಲ್ಲಿರುವ ಪ್ರತಿಯೊಂದು ಸಾಮಾನನ್ನೂ ಬಳಸಲು ನಿಮಗೆ ಬರುತ್ತದೆ.